ಹೈಸ್ಕೂಲು ಮಕ್ಕಳ ಕೈಗೆ ಮೂಲ ಸಂಶೋಧನಾ ಪ್ರಬಂಧ: ಮೆಂಡೆಲ್‌ನ 43 ದುಂಡು, 2 ಸುಕ್ಕು

ಗುಡ್ಡದ_ಮೇಷ್ಟ್ರು

ನಮಸ್ಕಾರ. ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಕನ್ನಡ ಮಾಧ್ಯಮ. ಹತ್ತನೇ ತರಗತಿಯ ಅನುವಂಶೀಯತೆ ಪಾಠಕ್ಕೆ ಈ ವರ್ಷ ಬೇರೆ ದಾರಿ ಹಿಡಿದೆ. ಪುಸ್ತಕ ತೆಗೆಸಲಿಲ್ಲ, ಮೂರು ದುಂಡು ಬೀಜಕ್ಕೆ ಒಂದು ಸುಕ್ಕು, ಅಂದರೆ 3:1, ಅಂತ ಬಾಯೇ ಬಿಡಲಿಲ್ಲ. ದುಂಡು ಬೀಜದ ಬಟಾಣಿಗೂ ಸುಕ್ಕು ಬೀಜದ್ದಕ್ಕೂ ಅಡ್ಡತಳಿ ಮಾಡಿ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಪುಟ್ಟ ಕೋಷ್ಟಕ ಇದೆ, ಆ ಮಿಶ್ರ ತಳಿಯ ಮೊದಲ ಹತ್ತು ಗಿಡಗಳದ್ದು. ಅದನ್ನು ಹಾಗೇ ಬೋರ್ಡಿನ ಮೇಲೆ ಇಳಿಸಿದೆ. ಒಂದೊಂದು ಗಿಡದಲ್ಲಿ ದುಂಡು ಬೀಜ ಎಷ್ಟು, ಸುಕ್ಕು ಬೀಜ ಎಷ್ಟು, ಅಷ್ಟೇ:

45–12, 27–8, 24–7, 19–10, 32–11, 26–6, 88–24, 22–10, 28–6, 25–7

"ಏನು ಕಾಣ್ತದೆ?" ಅಂದೆ. "ದುಂಡು ಜಾಸ್ತಿ ಸಾರ್." "ಎಷ್ಟು ಜಾಸ್ತಿ?" ಅಲ್ಲಿಂದ ಶುರುವಾಯಿತು ಗಲಾಟೆ. ನಾಲ್ಕನೇ ಗಿಡ ಹಿಡಿದವನು ಎರಡು ಪಟ್ಟು ಅಂದ. ಒಂಬತ್ತನೇ ಗಿಡ ಹಿಡಿದವಳು ನಾಲ್ಕೂವರೆ ದಾಟ್ತದೆ ಅಂದಳು. ಹತ್ತರಲ್ಲಿ ಒಂದೇ ಒಂದು ಗಿಡದಲ್ಲೂ ಸರಿಯಾಗಿ ಮೂರು ಪಟ್ಟು ಇಲ್ಲ, ನೀವೇ ಭಾಗಿಸಿ ನೋಡಿ. ಎಲ್ಲ ಕೂಡಿಸಿದರೆ 336–101, ಅದೂ ಮೂರಲ್ಲ. ಆಮೇಲೆ ಒಟ್ಟು ಲೆಕ್ಕ ಕೊಟ್ಟೆ: 253 ಗಿಡ, 7324 ಬೀಜ, ಅದರಲ್ಲಿ 5474 ದುಂಡು, 1850 ಸುಕ್ಕು. ಭಾಗಿಸಿದರೆ 2.96. ಕ್ಲಾಸು ಸ್ವಲ್ಪ ತಣ್ಣಗಾಯಿತು.

ಕೊನೆಗೆ ಮೆಂಡೆಲ್ ತಾನೇ ಬರೆದಿಟ್ಟ ಎರಡು ವಿಪರೀತದ ಗಿಡ ತೋರಿಸಿದೆ. ಒಂದರಲ್ಲಿ 43 ದುಂಡು, ಬರೀ 2 ಸುಕ್ಕು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು. "ನಿಮ್ಮ ಹಿತ್ತಲಲ್ಲಿ ಆ 43ರ ಗಿಡ ಒಂದೇ ಇದ್ದಿದ್ದರೆ ಏನಂತಿದ್ರಿ?" ಹಿಂದಿನ ಬೆಂಚಿನಿಂದ ಉತ್ತರ ಬಂತು: "ಆ ಎರಡು ಬೀಜಕ್ಕೆ ರೋಗ ಬಂದಿದೆ ಅಂತಿದ್ವಿ ಸಾರ್."

ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, ಇಂಥ ಮಾತು ಕ್ಲಾಸಿನಲ್ಲಿ ಕೇಳಿರಲಿಲ್ಲ. ಎಷ್ಟು ಎಣಿಸಿದರೆ ಸಾಕು, ಯಾವುದನ್ನು ನಂಬಬೇಕು ಅನ್ನೋ ಪ್ರಶ್ನೆ ಅವರದ್ದೇ ಆಯಿತು. ಬೇರೆ ಪಾಠಗಳಿಗೂ ಹೀಗೆ ಮೂಲ ಪ್ರಬಂಧ ತರಬಹುದಾ? ಯಾರಾದರೂ ಮಾಡಿದ್ದೀರಾ? ಇಂಗ್ಲಿಷಿನ ಗೋಡೆ ಹೇಗೆ ದಾಟಿದಿರಿ?

ಅಪ್ಪ_ಒಬ್ಬ

ಮೇಷ್ಟ್ರೇ, ತಣ್ಣೀರೆರಚಬೇಕು ಅಂತಲ್ಲ. ನನ್ನ ಮಗಳೂ ಹತ್ತನೇ ಕ್ಲಾಸು. ಪರೀಕ್ಷೆಯಲ್ಲಿ "ಎರಡನೇ ಪೀಳಿಗೆಯ ಅನುಪಾತ ಬರೆಯಿರಿ" ಅಂದರೆ 3:1 ಅಂತ ಬರೆದವರಿಗೇ ಅಂಕ. 2.96 ಅಂತ ಬರೆದು ಬಂದರೆ? ಪಾಠ ಮುಗಿಸೋದಕ್ಕೇ ಪೀರಿಯಡ್ಡು ಸಾಲೋದಿಲ್ಲ ಅಂತ ನೀವೇ ಮೇಷ್ಟ್ರುಗಳು ಪೋಷಕರ ಸಭೆಯಲ್ಲಿ ಹೇಳ್ತೀರಿ.

ಗುಡ್ಡದ_ಮೇಷ್ಟ್ರು

ಸಾರ್, 3:1 ಅಂತಲೇ ಬರೀತಾರೆ, ಅದರ ಚಿಂತೆ ಬೇಡ. ತಂದೆ-ತಾಯಿ ಗಿಡದ ಗುಣ ಯಾವ್ಯಾವ ರೀತಿ ಸೇರಬಹುದು ಅಂತ ಮನೆಮನೆಯಾಗಿ ಬರೆಯುವ ಪುನೆಟ್ ಚೌಕವನ್ನೂ ಮರುದಿನವೇ ಮಾಡಿಸಿದೆ. ತೆಗೆದುಕೊಂಡದ್ದು ಒಂದೇ ಪೀರಿಯಡ್ಡು. ಇಡೀ ಪ್ರಬಂಧ ಓದಿಸಲಿಲ್ಲ, ಅದು ಹತ್ತನೇ ಕ್ಲಾಸಿನ ಕೆಲಸವೂ ಅಲ್ಲ.

ಧಾರವಾಡ_ಪೇಢಾ

ಮಾಸ್ತರ್ರ, ಭಾಳ ಛಲೋ ಮಾಡೀರಿ. ನಾನು ಬಿ.ಎಸ್ಸಿ. ಹುಡುಗೂರಿಗೆ ಸಂಖ್ಯಾಶಾಸ್ತ್ರ ಕಲಸ್ತೀನಿ, ಇದ ಪ್ರಬಂಧ ತಗೋತೀನಿ. ನಿಮ್ಮ ಹುಡುಗೂರಿಗೆ ಇದರ ಜೋಡಿ ಒಂದು ಆಟಾ ಆಡಸ್ರಿ. ಒಬ್ಬೊಬ್ಬರಿಗೂ ಎರಡೆರಡು ನಾಣ್ಯ ಕೊಡ್ರಿ. ಎರಡೂ ಕೂಡೆ ಚಿಮ್ಮಬೇಕು. ಒಂದರ ಮ್ಯಾಲರ ತಲಿ ಬಿದ್ರ "ದುಂಡು", ಎರಡೂ ಹೂವು ಬಿದ್ರ "ಸುಕ್ಕು". 29 ಸಲ ಚಿಮ್ಮಿದ್ರ ಒಂದು ಗಿಡ ಆತು, ಯಾಕಂದ್ರ 7324ಕ್ಕ 253ರಿಂದ ಭಾಗಿಸಿದ್ರ ಗಿಡಕ್ಕ ಸರಾಸರಿ 29 ಬೀಜ ಬರತಾವ. ಎಲ್ಲಾರ ಲೆಕ್ಕ ಬೋರ್ಡಿನ ಮ್ಯಾಲ ಮೆಂಡೆಲನ ಹತ್ತು ಗಿಡದ ಮಗ್ಗಲಕ್ಕ ಬರೀರಿ. ಅವನ ಗಿಡದಾಗ ಆಗಿದ್ದ ಏರುಪೇರು ಇವರ ನಾಣ್ಯದಾಗೂ ಆಗಿರತದ. ಸಂಭವನೀಯತೆ ಪಾಠ ಹೆಂಗೂ ಹತ್ತನೇತ್ತೆ ಗಣಿತದಾಗ ಅದ, ಗಣಿತದ ಮಾಸ್ತರ್ರನ್ನೂ ಎಳಕೋರಿ.

ಬಿ.ಎಸ್ಸಿ. ಮಟ್ಟಕ್ಕ ನಾನು ಮಾಡೋದು ಬ್ಯಾರೆ. 1936ರಾಗ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಎತ್ತಿದ ಪ್ರಶ್ನೆ ಇಡ್ತೀನಿ. ಪ್ರಬಲ ಲಕ್ಷಣದ (ದುಂಡಿನಂಗ ಮುಂದ ಕಾಣೋ ಲಕ್ಷಣ) ಗಿಡ ಶುದ್ಧ ಐತೋ, ಒಳಗ ದುರ್ಬಲ ಲಕ್ಷಣ ಅಡಗಿಸಿಕೊಂಡ ಮಿಶ್ರ ಐತೋ ನೋಡಾಕ ಮೆಂಡೆಲ್ ಒಂದೊಂದು ಗಿಡದ 10 ಬೀಜ ಬಿತ್ತಿದ. ಹತ್ತೂ ಪ್ರಬಲ ಬಂದ್ರ ಶುದ್ಧ, ಒಂದರ ದುರ್ಬಲ ಬಂದ್ರ ಮಿಶ್ರ. ಇಲ್ಲೇ ಒಂದು ತೂತು ಅದ: ಮಿಶ್ರ ಗಿಡದ ಹತ್ತೂ ಬೀಜ ಪ್ರಬಲ ಬರೋ ಸಂಭವ 0.75ರ ಹತ್ತನೇ ಘಾತ, ಅಂದ್ರ 0.056. ನೂರು ಮಿಶ್ರ ಗಿಡದಾಗ ಐದಾರು ಗಿಡ ಸುಳ್ಳ ಸುಳ್ಳ "ಶುದ್ಧ"ದ ಕಡೆ ಹೋಗತಾವ. ಹಂಗಾಗಿ ಮಿಶ್ರ–ಶುದ್ಧ ಲೆಕ್ಕ 2:1 ಬರಬಾರದು, 1.7:1ರ ಆಸುಪಾಸು ಬರಬೇಕು. ಮೆಂಡೆಲನ 600 ಗಿಡದ ಲೆಕ್ಕ 399–201. ಅಂದ್ರ ಬರೋಬ್ಬರಿ 2:1! ಯಾಕ ಹಿಂಗಾತು ಅನ್ನೋದಕ್ಕ ವಾದ ಇವತ್ತಿಗೂ ನಿಂತಿಲ್ಲ. ತೂತು ಎಲ್ಲೈತಿ ಅಂತ ನಾನು ಹೇಳೂದಿಲ್ಲ, ಮೆಂಡೆಲ್ ಹೆಂಗ ಬಿತ್ತಿದ ಅನ್ನೋ ಪ್ಯಾರಾ ಅಷ್ಟ ಕೊಟ್ಟು ಕೂಡತೀನಿ. ಹುಡುಕಿದವರಿಗೆ ಚಹಾ ನಂದು.

ಕಡಲತಡಿ

ಪೇಢಾದವರೇ, ಚಹಾ ಎಷ್ಟು ಸಲ ಕೊಡಿಸಿದ್ದೀರಿ ಅದನ್ನೂ ಹೇಳಿ ಮಾರಾಯ್ರೆ 😄

ನಾನು ಬಿ.ಎಡ್. ಕಾಲೇಜಿನಲ್ಲಿದ್ದೇನೆ. ಮೆಂಡೆಲನದ್ದೇ ಇನ್ನೊಂದು ಪ್ಯಾರಾ ನನಗೆ ಕೋಷ್ಟಕಕ್ಕಿಂತ ಇಷ್ಟ. ಪಠ್ಯಪುಸ್ತಕ "ಶುದ್ಧ ತಳಿಯ ಗಿಡಗಳನ್ನು ಆರಿಸಿಕೊಂಡನು" ಅಂತ ಒಂದು ಸಾಲಿನಲ್ಲಿ ದಾಟಿ ಹೋಗುತ್ತದೆ. ಪ್ರಬಂಧದಲ್ಲಿ ನೋಡಿದರೆ ಬೀಜದ ವ್ಯಾಪಾರಿಗಳಿಂದ 34 ಬಗೆಯ ಬಟಾಣಿ ತರಿಸಿ, ಎರಡು ವರ್ಷ ಬರೀ ಪರೀಕ್ಷೆಗೆ ಅಂತ ಬೆಳೆಸಿದ್ದಾನೆ. ಅದರಲ್ಲಿ 22ನ್ನು ಉಳಿಸಿಕೊಂಡಿದ್ದಾನೆ. ಪ್ರಯೋಗಕ್ಕೆ ಮುಂಚೆಯೇ ಎರಡು ವರ್ಷ! ಮತ್ತೆ, ಹೂ ಬಿಡುವ ಹೊತ್ತಿಗೆ ಕೆಲವು ಕುಂಡಗಳನ್ನು ಗಾಜಿನ ಮನೆಯೊಳಗೆ ಇಟ್ಟಿದ್ದಾನೆ. ಯಾಕೆ? ಬಟಾಣಿಗೆ ಬರುವ ಒಂದು ಜಾತಿಯ ದುಂಬಿ ಹೂವಿನೊಳಗೆ ನುಗ್ಗಿ ಬೇರೆ ಪರಾಗ ತಂದು ಹಾಕಿದರೆ ಲೆಕ್ಕವೆಲ್ಲ ಹಾಳು. ತೋಟದ ಗಿಡಗಳ ಫಲಿತಾಂಶಕ್ಕೆ ದುಂಬಿ ಕೈ ಹಾಕಿದೆಯೋ ಇಲ್ಲವೋ ಅಂತ ತಾಳೆ ನೋಡಲಿಕ್ಕೆ ಈ ಕುಂಡಗಳು.

ನನ್ನ ವಿದ್ಯಾರ್ಥಿ ಶಿಕ್ಷಕರಿಗೆ "ಕೆಲವು ಕುಂಡ ಗಾಜಿನ ಮನೆಯೊಳಗೆ ಇಟ್ಟ" ಎಂಬಲ್ಲಿಗೆ ನಿಲ್ಲಿಸಿ ಕಾರಣ ಊಹಿಸಿ ಅನ್ನುತ್ತೇನೆ. ಚಳಿ, ಮಳೆ, ಕಳ್ಳರು, ಎಲ್ಲ ಬರುತ್ತದೆ. ಕರಾವಳಿಯ ಒಬ್ಬಳು ಹುಡುಗಿ ಮಂಗ ಅಂದಳು, ಅದು ನಮ್ಮ ಊರಿನ ಮಟ್ಟಿಗೆ ಸರಿಯೇ. ದುಂಬಿಗೆ ಬರುವಷ್ಟರಲ್ಲಿ ನಿಯಂತ್ರಣ ಪ್ರಯೋಗ ಎಂದರೆ ಏನು ಅಂತ ಬಾಯಿಪಾಠದ ವ್ಯಾಖ್ಯೆ ಬೇಕಾಗುವುದಿಲ್ಲ.

ಪಿಯು_ಫಿಸಿಕ್ಸ್

ಭೌತಶಾಸ್ತ್ರಕ್ಕೆ ನನ್ನ ಆಯ್ಕೆ ರಾಮನ್ ಮತ್ತು ಕೆ. ಎಸ್. ಕೃಷ್ಣನ್ 'ನೇಚರ್' ಪತ್ರಿಕೆಗೆ ಕಳಿಸಿದ ಪತ್ರ, 31 ಮಾರ್ಚ್ 1928ರ ಸಂಚಿಕೆ. ಕೆಲವೇ ಪ್ಯಾರಾ, ಗಣಿತ ಇಲ್ಲವೇ ಇಲ್ಲ ಅನ್ನಬಹುದು. ಫೆಬ್ರವರಿ 28 ಬಂತೆಂದರೆ ಎಲ್ಲ ಶಾಲೆಯಲ್ಲೂ ರಾಮನ್ ಫೋಟೋಗೆ ಹಾರ, ಭಾಷಣ, ರಸಪ್ರಶ್ನೆ. ಅವರು ಏನು ಬರೆದರು ಅಂತ ಓದಿದವರು ಆ ವೇದಿಕೆಯ ಮೇಲೂ ಇರೋದಿಲ್ಲ.

ಓದಿದರೆ ಮೊದಲು ಬೆರಗಾಗೋದು ಉಪಕರಣ ನೋಡಿ. ಸೂರ್ಯನ ಬೆಳಕು. ಅದನ್ನು ಒಟ್ಟುಗೂಡಿಸಲು 18 ಸೆಂ.ಮೀ. ಅಗಲ, 230 ಸೆಂ.ಮೀ. ಸಂಗಮದೂರದ ದೂರದರ್ಶಕದ ಮಸೂರ, ಅದರ ಮುಂದೆ 5 ಸೆಂ.ಮೀ. ಸಂಗಮದೂರದ ಇನ್ನೊಂದು. ಎರಡು ಬಣ್ಣದ ಫಿಲ್ಟರು, ಶುದ್ಧ ಮಾಡಿದ ದ್ರವ, ನೋಡಲು ಕಣ್ಣು. ನೀಲಿ-ನೇರಳೆ ಫಿಲ್ಟರು, ಹಳದಿ-ಹಸಿರು ಫಿಲ್ಟರು ಎರಡನ್ನೂ ಬೆಳಕು ಒಳಗೆ ಬರುವ ಕಡೆಯೇ ಇಟ್ಟರೆ ದ್ರವದೊಳಗಿನ ಬೆಳಕಿನ ಜಾಡು ಪೂರ್ತಿ ಮಾಯ. ಈಗ ಹಳದಿ ಫಿಲ್ಟರನ್ನು ಅಲ್ಲಿಂದ ತೆಗೆದು ದ್ರವ ಮತ್ತು ಕಣ್ಣಿನ ನಡುವೆ ಇಟ್ಟರೆ ಜಾಡು ಮತ್ತೆ ಕಾಣುತ್ತದೆ. ಅಂದರೆ ಒಳಹೋದ ಬೆಳಕಿನಲ್ಲಿ ಇಲ್ಲದ ಬಣ್ಣ ಹೊರಬರುವಾಗ ಹುಟ್ಟಿದೆ. ಇಷ್ಟನ್ನೂ ಒಂದು ಫಿಲ್ಟರಿನ ಜಾಗ ಬದಲಿಸಿ ತೋರಿಸಿದ್ದಾರೆ. ಪಿಯು ಮಕ್ಕಳಿಗೆ ಚಿತ್ರ ಬಿಡಿಸಿ ಅಂತೀನಿ: ಫಿಲ್ಟರು ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತು. ಚಿತ್ರ ಸರಿಯಾಗಿ ಬಂದರೆ ತರ್ಕ ಅರ್ಥವಾಯಿತು ಅಂತಲೇ ಲೆಕ್ಕ.

ನನಗೆ ಮುಖ್ಯವಾದ ಸಾಲು ಅದರ ನಂತರದ್ದು. ಅರವತ್ತರಷ್ಟು ದ್ರವ ನೋಡಿದೆವು, ಎಲ್ಲದರಲ್ಲೂ ಹೆಚ್ಚುಕಮ್ಮಿ ಕಂಡಿತು ಅಂತ ಹೇಳಿ, ಇದು ಪ್ರತಿದೀಪ್ತಿ (ವಸ್ತು ಬೆಳಕು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊಳೆಯುವುದು) ಅಲ್ಲ ಅನ್ನೋದಕ್ಕೆ ಎರಡು ಕಾರಣ ಕೊಡುತ್ತಾರೆ. ಒಂದು, ಸಾಮಾನ್ಯ ಚದುರುವಿಕೆಯ ಮುಂದೆ ಇದು ತೀರಾ ಕ್ಷೀಣ. ಎರಡು, ಈ ಬೆಳಕಿಗೆ ಬಲವಾದ ಧ್ರುವೀಕರಣ ಇದೆ, ಅಂದರೆ ಅದರ ಅಲೆಗಳ ಕಂಪನ ಹೆಚ್ಚಾಗಿ ಒಂದೇ ದಿಕ್ಕಿನದು. ಆ ಸಾಲನ್ನು ಬಿಳಿ ಕಾಗದ ಅಂಟಿಸಿ ಮುಚ್ಚಿ ಕೊಡುತ್ತೇನೆ. "ನೀವು ರಾಮನ್ ವಿರೋಧಿಗಳು. ಏನು ತಕರಾರು ತೆಗೆಯುತ್ತೀರಿ?" ಧ್ರುವೀಕರಣದವರೆಗೆ ಅವರು ತಾವಾಗೇ ಹೋಗೋದಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ "ದ್ರವದಲ್ಲಿ ಕಸ ಇದ್ದು ಅದೇ ಹೊಳೆದಿರಬಹುದಲ್ಲ" ಅಂತ ಯಾರಾದರೂ ಹೇಳುತ್ತಾರೆ. ಆಗ ಕಾಗದ ಕಿತ್ತು ತೋರಿಸಿ, ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧ ಮಾಡಿದೆವು ಅನ್ನೋ ಮಾತಿಗೂ ವಾಪಸ್ ಹೋಗಬಹುದು.

ಅಪ್ಪ_ಒಬ್ಬ

ಇದು ನನಗೂ ಗೊತ್ತಿರಲಿಲ್ಲ. ಮನೆಯಲ್ಲಿ ಬಣ್ಣದ ಜಿಲೇಟಿನ್ ಕಾಗದ, ಲೇಸರ್ ಪಾಯಿಂಟರ್ ಇಟ್ಟುಕೊಂಡು ಮಗಳಿಗೆ ರಾಮನ್ ಪರಿಣಾಮ ತೋರಿಸಬಹುದಾ?

ಪಿಯು_ಫಿಸಿಕ್ಸ್

ಬೇಡ ಸಾರ್. ಎರಡು ಜಿಲೇಟಿನ್ ಕಾಗದ ಸೇರಿದರೆ ಬೆಳಕು ಹೇಗೆ ಅಡಗುತ್ತದೆ ಅಂತ ಟಾರ್ಚಿನಲ್ಲಿ ತೋರಿಸಿ, ಅಷ್ಟು ಸಾಕು. ಹಸಿರು ಲೇಸರನ್ನು ಆಲಿವ್ ಎಣ್ಣೆಗೆ ಹಾಯಿಸಿದರೆ ಜಾಡು ಕೆಂಪು-ಕಿತ್ತಳೆ ಕಾಣುತ್ತದೆ, ಕೆಲವರು ಅದನ್ನೇ ರಾಮನ್ ಪರಿಣಾಮ ಅಂತ ತೋರಿಸಿಬಿಡುತ್ತಾರೆ. ಅದು ಎಣ್ಣೆಯ ಪತ್ರಹರಿತ್ತಿನ ಪ್ರತಿದೀಪ್ತಿ. ರಾಮನ್ ಅಲ್ಲಗಳೆಯಬೇಕಾಗಿ ಬಂದದ್ದು ಇದನ್ನೇ! ಲೇಸರು ಕಣ್ಣಿಗೆ ಅಪಾಯ, ಮಕ್ಕಳ ಕೈಗೆ ಕೊಡಲೇಬೇಡಿ.

ರೈನ್_ತೀರದ_ಶಿರಸಿ

ಜರ್ಮನಿಯಲ್ಲಿ ಜೀವಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡ್ತಾ ಇದ್ದೇನೆ. ಬೆಳಗಾದರೆ ಪ್ರಬಂಧ ಓದುವುದೇ ಕೆಲಸ, ಹಾಗಾಗಿ ಪ್ರಬಂಧದ ಮೇಲಿನ ಈ ಭಕ್ತಿ ನೋಡಿ ಸ್ವಲ್ಪ ಕಸಿವಿಸಿ. ಸಂಶೋಧನೆ ನಡೆದ ಹಾಗೆ ಪ್ರಬಂಧ ಬರೆಯುವುದಿಲ್ಲ. ಕೆಟ್ಟುಹೋದ ಪ್ರಯೋಗ, ನಡುವೆ ಬದಲಾಯಿಸಿದ ಪ್ರಶ್ನೆ, ಎಲ್ಲ ಗುಡಿಸಿ ಹಾಕಿ, ಮೊದಲಿನಿಂದಲೂ ಇದೇ ಗುರಿಯಿತ್ತು ಅನ್ನುವ ಹಾಗೆ ಜೋಡಿಸುತ್ತೇವೆ. ಬ್ರಿಟನ್ನಿನ ಜೀವವಿಜ್ಞಾನಿ ಪೀಟರ್ ಮೆಡಾವರ್ 1963ರಲ್ಲೇ ಬಿಬಿಸಿ ಭಾಷಣದಲ್ಲಿ ವೈಜ್ಞಾನಿಕ ಪ್ರಬಂಧವೇ ಒಂದು ಮೋಸವೇ ಅಂತ ಕೇಳಿದ್ದರು. ಸುಳ್ಳು ದತ್ತಾಂಶದ ಮಾತಲ್ಲ ಅದು, ಯೋಚನೆ ಸಾಗಿದ ದಾರಿಯನ್ನು ಪ್ರಬಂಧ ತಿರುಚಿ ತೋರಿಸುತ್ತದೆ ಅನ್ನುವುದು ಅವರ ತಕರಾರು. ಮಕ್ಕಳಿಗೆ ಪ್ರಬಂಧ ಕೊಟ್ಟು "ವಿಜ್ಞಾನಿಗಳು ಹೀಗೇ ಯೋಚಿಸುತ್ತಾರೆ" ಅಂದರೆ ಪಠ್ಯಪುಸ್ತಕದ ಒಂದು ಸುಳ್ಳಿನ ಬದಲು ಇನ್ನೊಂದು ಸುಳ್ಳು ಕೊಟ್ಟ ಹಾಗೆ.

ಮೇಷ್ಟ್ರು ಮಾಡಿದ್ದು ಸರಿಹೋಗಿದ್ದು ಮೆಂಡೆಲ್ ಮೊದಲ ಹತ್ತು ಗಿಡಗಳನ್ನೂ, 43–2ನ್ನೂ ಮುಚ್ಚಿಡದೆ ಬರೆದದ್ದಕ್ಕೆ. ಸರಾಸರಿ ಮಾತ್ರ ಕೊಟ್ಟ ಪ್ರಬಂಧದಲ್ಲಿ ಈ ಆಟ ನಡೆಯುತ್ತಿರಲಿಲ್ಲ. ಒಂದು ಪ್ರಬಂಧ ಆರಿಸುವಾಗ ನಾನು ನೋಡುವುದು ಇಷ್ಟೇ: ಲೇಖಕರು ತಮ್ಮ ತೀರ್ಮಾನಕ್ಕೆ ಹೊಂದದ ಅಂಕಿಯನ್ನು ಓದುಗರಿಗೆ ಕಾಣುವ ಹಾಗೆ ಬಿಟ್ಟಿದ್ದಾರಾ?

ಇನ್ನು, ಈ ದಾರಿಯಲ್ಲಿ ಕೆಲಸ ಮಾಡಿದವರು ಇದ್ದಾರೆ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಸ್ಯಾಲಿ ಹಾಸ್ಕಿನ್ಸ್ ಮತ್ತು ಜೊತೆಗಾರರು 'ಕ್ರಿಯೇಟ್' ಅನ್ನುವ ಪದ್ಧತಿ ರೂಪಿಸಿ 2007ರಲ್ಲಿ 'ಜೆನೆಟಿಕ್ಸ್' ಪತ್ರಿಕೆಯಲ್ಲಿ ಬರೆದರು. ಒಂದೇ ಪ್ರಯೋಗಾಲಯದಿಂದ ಒಂದರ ಹಿಂದೆ ಒಂದು ಬಂದ ಪ್ರಬಂಧಗಳನ್ನು ಸರಣಿಯಾಗಿ ಓದುವುದು, ಪ್ರಯೋಗಾಲಯದಲ್ಲಿ ಏನು ನಡೆಯಿತು ಅಂತ ಚಿತ್ರ ಬಿಡಿಸುವುದು, ಮುಂದಿನ ಪ್ರಯೋಗ ಯಾವುದಿರಬೇಕು ಅಂತ ತಾವೇ ಯೋಜಿಸಿ, ಆಮೇಲೆ ಆ ಪ್ರಯೋಗಾಲಯದ ಮುಂದಿನ ಪ್ರಬಂಧ ತೆರೆದು ನೋಡುವುದು. ಲೇಖಕರಿಗೇ ಇಮೇಲ್ ಬರೆದು ಪ್ರಶ್ನೆ ಕೇಳುವುದೂ ಇದೆ. ಅದು ಕಾಲೇಜಿನವರಿಗೆ. ಪಿಯು_ಫಿಸಿಕ್ಸ್ ಸರ್ ಚಿತ್ರ ಬಿಡಿಸುವುದನ್ನು ಆಗಲೇ ಮಾಡಿಸುತ್ತಿದ್ದಾರೆ.

ಹೈಸ್ಕೂಲಿಗೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಅನಾತ್ ಯಾರ್ಡನ್ ಗುಂಪು ಬೇರೆ ದಾರಿ ಹಿಡಿಯಿತು. ಪ್ರಬಂಧದ ಮೈಕಟ್ಟು ಹಾಗೇ ಉಳಿಸಿ (ಪ್ರಶ್ನೆ, ವಿಧಾನ, ಫಲಿತಾಂಶ, ಚರ್ಚೆ) ಭಾಷೆಯನ್ನು ಮಕ್ಕಳ ಮಟ್ಟಕ್ಕೆ ಇಳಿಸಿ ಬರೆಯುವುದು. 2005ರಲ್ಲಿ ಅವರು ಪ್ರಕಟಿಸಿದ ಹೋಲಿಕೆಯಲ್ಲಿ ಒಂದೇ ವಿಷಯವನ್ನು ಕೆಲವರಿಗೆ ಹೀಗೆ, ಕೆಲವರಿಗೆ ಪತ್ರಿಕೆಯ ಜನಪ್ರಿಯ ಲೇಖನದ ಧಾಟಿಯಲ್ಲಿ ಕೊಟ್ಟರು. ಪ್ರಬಂಧದ ರೂಪದಲ್ಲಿ ಓದಿದವರು ವಿಚಾರಣೆಯ ಕೌಶಲದಲ್ಲಿ, ಅಂದರೆ ವಿಜ್ಞಾನದ ರೀತಿಯಲ್ಲಿ ಪ್ರಶ್ನಿಸಿ ಹುಡುಕುವುದರಲ್ಲಿ, ಮುಂದೆ. ಆದರೆ ವಿಷಯ ಚೆನ್ನಾಗಿ ಅರ್ಥಮಾಡಿಕೊಂಡವರು, ಓದುವಾಗ ಕಡಿಮೆ ಬೇಸರಪಟ್ಟವರು ಜನಪ್ರಿಯ ಲೇಖನದ ಗುಂಪಿನವರು. ಎರಡೂ ಕೈಗೆ ಸಿಗುತ್ತದೆ ಅಂತ ಹೊರಟರೆ ನಿರಾಶೆಯೇ.

ಧಾರವಾಡ_ಪೇಢಾ

ಶಿರಸಿ ತಂಗೆವ್ವ ಹೇಳಿದ್ದು ಖರೆ. ಆ ಹೋಲಿಕೆ ನೋಡಿದ್ರ ನಮ್ಮ ಅಪ್ಪ ಅವರ ಚಿಂತಿಗೂ ಅರ್ಥ ಅದ. ಪರೀಕ್ಷಾದಾಗ ಕೇಳೂದು ಅರ್ಥ ಆಗೇತೋ ಇಲ್ಲೋ ಅಂತ, ವಿಚಾರಣೆ ಕೌಶಲ ಅಲ್ಲ. ಪಾಠ ಪುಸ್ತಕದಿಂದ ಮಾಡ್ರಿ, ಒಂದು ತಾಸು ಕೋಷ್ಟಕಕ್ಕ ಕೊಡ್ರಿ.

ಕಡಲತಡಿ

ಕನ್ನಡ ಮಾಧ್ಯಮದ ಪ್ರಶ್ನೆಗೆ: ಅನುವಾದ ಪೂರ್ತಿ ಬೇಡವೇ ಬೇಡ. ನಾವು ಮಾಡುವುದು ಒಂದು ಹಾಳೆ. ಮೇಲೆ ಪ್ರಶ್ನೆ ಎರಡು ಸಾಲು, ನಡುವೆ "ಏನು ಮಾಡಿದರು" ಅನ್ನುವುದು ಐದಾರು ಸಾಲು ಸರಳ ಕನ್ನಡದಲ್ಲಿ, ಕೆಳಗೆ ಅಂಕಿ ಇದ್ದ ಹಾಗೇ. ತೀರ್ಮಾನ ಹಾಳೆಯ ಹಿಂಬದಿ. ಮೆಂಡೆಲನ ಪ್ರಬಂಧದ ಹಳೆಯ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತರುತ್ತಿರುವ 'ರೆಸೊನೆನ್ಸ್' ಪತ್ರಿಕೆಯೂ ಉಚಿತ, ಅದರಲ್ಲಿ ಹಳೆಯ ಮೂಲ ಲೇಖನಗಳನ್ನು ಮರುಮುದ್ರಿಸುವ ವಿಭಾಗ ಇದೆ.

ಚಿಕ್ಕ ಮಕ್ಕಳಿಗೆ ಬೇಕಾದರೆ ಎಮಿಲಿ ರೋಸಾಳ ಪ್ರಬಂಧ ನೋಡಿ. ಅಮೆರಿಕದಲ್ಲಿ ರೋಗಿಯನ್ನು ಮುಟ್ಟದೆ, ಮೈಮೇಲೆ ಕೈಯಾಡಿಸಿ ದೇಹದ "ಶಕ್ತಿ"ಯನ್ನು ಗ್ರಹಿಸುತ್ತೇವೆ ಅನ್ನುವ ಚಿಕಿತ್ಸಕರು ಇದ್ದರು. ಈ ಹುಡುಗಿ ನಾಲ್ಕನೇ ಕ್ಲಾಸಿನ ವಿಜ್ಞಾನ ಮೇಳಕ್ಕೆ ಅಂತ ಅವರನ್ನು ಪರೀಕ್ಷೆ ಮಾಡಿದಳು. ಒಂದು ರಟ್ಟಿನ ಅಡ್ಡಪರದೆ, ಅದರಡಿ ಎರಡು ತೂತು. ಆಚೆಯಿಂದ ಅವರು ಎರಡೂ ಕೈ ಚಾಚಬೇಕು. ಇವಳು ನಾಣ್ಯ ಚಿಮ್ಮಿ, ಎಡವೋ ಬಲವೋ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುವುದು. ಯಾವ ಕೈ ಅಂತ ಅವರು ಹೇಳಬೇಕು. 21 ಮಂದಿ, 280 ಸಲ, ಸರಿಯಾದದ್ದು 123. ಅಂದರೆ 44 ಶೇಕಡಾ, ಕಣ್ಣುಮುಚ್ಚಿ ಊಹಿಸಿದರೂ ಸುಮಾರು 50 ಬರಬೇಕು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ದೊಡ್ಡವರ ಜೊತೆ ಅವಳ ಹೆಸರೂ ಬಂತು, ಆಗ ಅವಳಿಗೆ 11 ವರ್ಷ.

ರಟ್ಟು ಯಾವ ಶಾಲೆಯಲ್ಲೂ ಸಿಗುತ್ತದೆ. ಆದರೆ ನಾನು ಕೇಳಿಸುವುದು ಇದರ ಕೊರತೆಯನ್ನು. ಯಾವ ಕೈ ಅಂತ ಎಮಿಲಿಗೆ ಮೊದಲೇ ಗೊತ್ತಿರುತ್ತಿತ್ತು. ಅವಳ ಉಸಿರು, ಅಂಗೈಯ ಬಿಸಿ, ತೋಳಿನ ಸದ್ದು ಸುಳಿವು ಕೊಟ್ಟಿದ್ದರೆ? ಹಾಗೆ ಕೊಟ್ಟಿದ್ದರೆ ಅಂಕ ಏರಬೇಕಿತ್ತಲ್ಲ, ಇಳಿದದ್ದು ಯಾಕೆ? ಎರಡನೇ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಎತ್ತುವ ತನಕ ಕಾಯುತ್ತೇನೆ.

ರೈನ್_ತೀರದ_ಶಿರಸಿ

ಹಾಗಾದರೆ ಇಂಗ್ಲೆಂಡಿನ ಬ್ಲ್ಯಾಕಾಟನ್ ಊರಿನ ಶಾಲೆಯ ಮಕ್ಕಳದ್ದನ್ನೂ ಸೇರಿಸಿಕೊಳ್ಳಿ ಅಕ್ಕಾ. 8ರಿಂದ 10 ವರ್ಷದ ಮಕ್ಕಳು ಜೇನಿನ ಬಳಗದ ಬಂಬಲ್‌ಬೀ ಹುಳುಗಳಿಗೆ ಬಣ್ಣ ಮತ್ತು ಜಾಗದ ವಿನ್ಯಾಸ ಕಲಿಯಲು ಬರುತ್ತದಾ ಅಂತ ನೋಡಿ ಬರೆದದ್ದು, 2010ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ 'ಬಯಾಲಜಿ ಲೆಟರ್ಸ್' ಪ್ರಕಟಿಸಿತು. ಚಿತ್ರಗಳು ಬಣ್ಣದ ಪೆನ್ಸಿಲಿನವು, ಹಿಂದಿನ ಸಂಶೋಧನೆಗಳ ಉಲ್ಲೇಖವೇ ಇಲ್ಲ, ಶುರುವಾಗುವುದು ಅಜ್ಜಿಕಥೆಯ ಹಾಗೆ "ಒಂದಾನೊಂದು ಕಾಲದಲ್ಲಿ" ಅಂತ. ನನ್ನ ಗೈಡ್‌ಗೆ ಹಾಗೆ ಬರೆದು ಕಳಿಸುವ ಧೈರ್ಯ ನನಗಿಲ್ಲ.

ಗುಡ್ಡದ_ಮೇಷ್ಟ್ರು

ತಡವಾಗಿ ಬಂದೆ, ಇಲ್ಲಿ ಮಳೆಗೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ. ಪೇಢಾ ಸರ್ ಹೇಳಿದ ನಾಣ್ಯದಾಟ ಮಾಡಿಸಿದೆ. ಒಂದು ತಮಾಷೆ ನಡೀತು. ನಾಣ್ಯ ಎಲ್ಲರಿಗೂ ಸಾಲಲಿಲ್ಲ, ಎರಡು ಗುಂಪಿನವರು ಚೌಕಾಬಾರ ಆಡುವ ಹುಣಸೆ ಬೀಜ ತಂದರು, ಒಂದು ಮಗ್ಗುಲು ತೇಯ್ದು ಬಿಳಿ ಮಾಡಿರ್ತಾರಲ್ಲ, ಅದು. ಎರಡೂ ಕಪ್ಪು ಬಿದ್ದರೆ ಸುಕ್ಕು ಅಂತ ಲೆಕ್ಕ. ನಾಣ್ಯದವರದ್ದೆಲ್ಲ ಕೂಡಿಸಿದಾಗ ಮೂರರ ಹತ್ತಿರ ಬಂತು. ಹುಣಸೆ ಬೀಜದವರದ್ದು ಎಷ್ಟು ಎಸೆದರೂ ಮೂರರ ಹತ್ತಿರ ಸುಳಿಯಲಿಲ್ಲ, ಎರಡು ಗುಂಪಿಗೂ ಒಂದೇ ಥರ ಬರಲೂ ಇಲ್ಲ. "ನಮ್ಮದು ತಪ್ಪಾಯ್ತು, ಅಳಿಸ್ತೀವಿ ಸಾರ್" ಅಂತ ಡಸ್ಟರು ಹಿಡಿದರು. ಅಳಿಸಬೇಡಿ ಅಂದೆ.

ಒಂದು ಹುಡುಗಿ ಬೋರ್ಡನ್ನೇ ನೋಡ್ತಾ ಇದ್ದು, "ಸಾರ್, ಮೆಂಡೆಲ್‌ಗೂ ಹೀಗೆ ಮೂರು ಬರದ ಗಿಡದ ಜಾತಿ ಸಿಕ್ಕಿದ್ರೆ ಅವನು ಬಟಾಣಿ ಬಿಟ್ಟು ಬೇರೆ ಆರಿಸ್ತಿದ್ನಾ?" ಅಂದಳು. ಉತ್ತರ ಹೇಳಲಿಲ್ಲ. ನಾಳೆ ಒಂದೇ ಒಂದು ಹುಣಸೆ ಬೀಜ ಎಸೆದು ಕಪ್ಪೆಷ್ಟು ಬಿಳಿಯೆಷ್ಟು ಬರೆದುಕೊಂಡು ಬನ್ನಿ ಅಂತ ಕಳಿಸಿದೆ. ಪೇಢಾ ಸರ್, ಒಂದು ಬೀಜದ ಲೆಕ್ಕದಿಂದ ಎರಡು ಬೀಜದ್ದು ಎಷ್ಟು ಬರಬೇಕು ಅಂತ ತೆಗೆಯೋದನ್ನು ಹತ್ತನೇ ಕ್ಲಾಸಿಗೆ ಎಟಕುವ ಹಾಗೆ ಹೇಗೆ ಹೇಳಲಿ?

ಧಾರವಾಡ_ಪೇಢಾ

ಗುಣಾಕಾರ ಅಷ್ಟರೀ. ನೂರು ಸಲ ಒಂದು ಬೀಜ ಎಸೆದಾಗ ಕಪ್ಪು 60 ಸಲ ಬಿತ್ತು ಅನ್ರಿ. ಎರಡನೇ ಬೀಜ ಆ ಅರವತ್ತರಾಗ ಮತ್ತ ನೂರಕ್ಕ ಅರವತ್ತರಂಗ ಬೀಳತದ, ಅಂದ್ರ 36. ಉಳಿದದ್ದು 64. ಅಲ್ಲಿಗೆ ಅವರ "ದುಂಡು–ಸುಕ್ಕು" 64–36, ಎರಡಕ್ಕಿಂತ ಕಡಿಮಿ ಪಟ್ಟು. ಎರಡು ಬೀಜ ಒಂದ ನಮೂನಿ ತೇಯ್ದಿರಬೇಕು ಅನ್ನೋದು ಇದರಾಗಿನ ಊಹೆ, ಅದನ್ನ ಅವರ ಕಡೆಯಿಂದನ ಹೊರಡಸ್ರಿ. ಆ ಹುಡುಗಿ ಕೇಳಿದ್ದನ್ನ ನಾ ನಮ್ಮ ಬಿ.ಎಸ್ಸಿ. ಹುಡುಗೂರಿಗೆ ಕೇಳತೀನಿ ಈ ವಾರ.